ರಿಕಿ ಹೆಂಡರ್ಸನ್ 1,406 ಬೇಸ್ ಕದ್ದಿದ್ದು ಬರೀ ಕಾಲಿನ ವೇಗದಿಂದಲಾ?

ಮಿಡಾನ್_ಮೈಸೂರು

ಎಲ್ಲರಿಗೂ ನಮಸ್ಕಾರ. ನಾನು ಕ್ರಿಕೆಟ್ ನೋಡಿ ಬೆಳೆದವನು. ಕೆಲಸಕ್ಕೆ ಅಂತ ಕ್ಯಾಲಿಫೋರ್ನಿಯಾಕ್ಕೆ ಬಂದಮೇಲೆ ಬೇಸ್‌ಬಾಲ್ ಹುಚ್ಚು ಹಿಡಿದಿದೆ. ಈಗ ಒಂದು ಅಂಕಿ ತಲೆ ತಿನ್ನುತ್ತಿದೆ. ಅದಕ್ಕೇ ಈ ಎಳೆ.

ಆಟ ಗೊತ್ತಿಲ್ಲದವರಿಗೆ ಎರಡು ಮಾತು. ಚೌಕದ ನಾಲ್ಕು ಮೂಲೆಗೆ ನಾಲ್ಕು ಬೇಸ್, ನಾಲ್ಕನ್ನೂ ಸುತ್ತಿ ಬಂದರೆ ಒಂದು ರನ್. ಬ್ಯಾಟರ್ ಮೊದಲ ಬೇಸ್ ತಲುಪಿದ ಅಂದುಕೊಳ್ಳಿ. ಮುಂದಿನವನು ಚೆಂಡು ಹೊಡೆಯಲಿ ಅಂತ ಅವನು ಕಾಯಲೇಬೇಕು ಅಂತೇನಿಲ್ಲ. ಪಿಚ್ಚರ್ ಚೆಂಡು ಎಸೆಯುತ್ತಿರುವಾಗಲೇ ಎರಡನೇ ಬೇಸ್‌ಗೆ ಓಡಬಹುದು. ಕ್ಯಾಚರ್ ಅದನ್ನು ಹಿಡಿದು, ಎರಡನೇ ಬೇಸ್‌ಗೆ ಎಸೆದು, ಅಲ್ಲಿರುವವನು ಇವನಿಗೆ ಚೆಂಡು ಮುಟ್ಟಿಸುವಷ್ಟರಲ್ಲಿ ತಲುಪಿದರೆ ಬಚಾವ್. ಇದಕ್ಕೆ ಸ್ಟೀಲ್ ಅಂತಾರೆ. ಸಿಕ್ಕಿಬಿದ್ದರೆ ಔಟ್.

ಓಕ್‌ಲ್ಯಾಂಡ್ ಹುಡುಗ, ಲೆಫ್ಟ್ ಫೀಲ್ಡರ್ ರಿಕಿ ಹೆಂಡರ್ಸನ್ 1979ರಿಂದ 2003ರವರೆಗೆ 25 ಸೀಸನ್ ಆಡಿ ಕದ್ದದ್ದು 1,406 ಬೇಸ್. ಎರಡನೇ ಸ್ಥಾನದಲ್ಲಿರೋ ಲೂ ಬ್ರಾಕ್ 938. ಅಂದರೆ ಎರಡನೆಯವನಿಗಿಂತ ಒಂದೂವರೆ ಪಟ್ಟು! ಟೆಸ್ಟ್ ರನ್ನಿನ ಪಟ್ಟಿಯಲ್ಲೂ ಮೊದಲನೆಯವನಿಗೂ ಎರಡನೆಯವನಿಗೂ ಇಷ್ಟು ಅಂತರ ಇಲ್ಲ. ನೂರು ಮೀಟರ್ ಓಟದಲ್ಲಿ ಚಿನ್ನಕ್ಕೂ ಬೆಳ್ಳಿಗೂ ಇರೋದು ಸೆಕೆಂಡಿನ ಚೂರುಪಾರು. ಹಾಗಿರುವಾಗ ಬರೀ ವೇಗದಿಂದ ಒಂದೂವರೆ ಪಟ್ಟು ಹೇಗೆ ಬರುತ್ತೆ? ಆಫೀಸಿನಲ್ಲಿ ಕೇಳಿದರೆ ಎಲ್ಲರದ್ದೂ ಒಂದೇ ಉತ್ತರ, "ಅವನಷ್ಟು ಫಾಸ್ಟ್ ಯಾರೂ ಇರಲಿಲ್ಲ". ನನಗೆ ಸಮಾಧಾನ ಆಗಲಿಲ್ಲ. ನಿಮಗೇನನ್ನಿಸುತ್ತೆ?

ಸುಮ್ನೆ_ಓದುಗ

ಜಾಗ ಹಿಡಿದು ಕೂತೆ. ಚಹಾ ತರ್ತೀನಿ, ಶುರು ಮಾಡಿ.

ಫ್ರೀಮಾಂಟ್_ಮಾವ

ಒಳ್ಳೆ ಪ್ರಶ್ನೆ ತಮ್ಮಾ. ನಿಮ್ಮ ಆಫೀಸಿನವರ ಉತ್ತರ ತಪ್ಪು. ಅವನ ಕಾಲದಲ್ಲೇ ಅವನಿಗಿಂತ ಜೋರಾಗಿ ಓಡುವವರು ಇದ್ದರು. ಕಾನ್ಸಾಸ್ ಸಿಟಿಯ ವಿಲ್ಲಿ ವಿಲ್ಸನ್ ಹೆಸರು ಕೇಳಿದ್ದೀರಾ? ಅವನೂ ಔಟ್‌ಫೀಲ್ಡರ್. ಚೆಂಡು ಮೈದಾನದ ಒಳಗೇ ಇದ್ದರೂ ನಾಲ್ಕೂ ಬೇಸ್ ಸುತ್ತಿ ಮನೆ ಸೇರಿ ಹೋಮ್ ರನ್ ಮಾಡಿದ್ದು 13 ಸಲ. ಅವನ ವೃತ್ತಿಜೀವನದ ಹೋಮ್ ರನ್ ಒಟ್ಟು 41 ಮಾತ್ರ, ಅದರಲ್ಲಿ 13 ಇಂಥವು! ಅಷ್ಟು ಓಡುವವನು ಕದ್ದದ್ದು 668. ರಿಕಿಯ ಅರ್ಧಕ್ಕಿಂತ ಕಮ್ಮಿ.

ರಿಕಿ ವೇಗವಾಗಿರಲಿಲ್ಲ ಅಂತಲ್ಲ. ಹೈಸ್ಕೂಲಿನಲ್ಲಿ ಅಮೆರಿಕನ್ ಫುಟ್‌ಬಾಲ್‌ನಲ್ಲಿ ರನ್ನಿಂಗ್ ಬ್ಯಾಕ್ ಆಗಿದ್ದ, ಕಾಲೇಜುಗಳು ಕರೆದಿದ್ದವು. ಬೇಸ್‌ಬಾಲೇ ಆಡು ಅಂತ ಪಟ್ಟು ಹಿಡಿದದ್ದು ಅವನ ತಾಯಿ. ತೊಡೆ ನೋಡಿದರೆ ಓಟಗಾರನದ್ದಲ್ಲ, ಕುಸ್ತಿಯವನದ್ದು. ಮೊದಲ ಮೂರು ಹೆಜ್ಜೆಯಲ್ಲೇ ಪೂರ್ತಿ ವೇಗಕ್ಕೆ ಬಂದುಬಿಡುತ್ತಿದ್ದ. ಆದರೆ ಅದು ಕಾಲು ಭಾಗ ಅಷ್ಟೇ. ಉಳಿದ ಮುಕ್ಕಾಲು ಬೇರೆ ಕಡೆ ಇದೆ. ರಾತ್ರಿ ಬಿಡುವಾಗಿ ಬರೆಯುತ್ತೇನೆ.

ಲೆಕ್ಕದ_ಪುಸ್ತಕ

ಮಾವ ಬರೆಯುವಷ್ಟರಲ್ಲಿ ಅಂಕಿ ಇಟ್ಟುಬಿಡ್ತೀನಿ. ಇಲ್ಲಾಂದ್ರೆ ಚರ್ಚೆ ದಾರಿ ತಪ್ಪುತ್ತೆ.

ಬೇಸ್‌ನಿಂದ ಬೇಸ್‌ಗೆ 90 ಅಡಿ. ಓಟಗಾರ ಬೇಸ್ ಮೇಲೆ ನಿಂತು ಶುರು ಮಾಡಲ್ಲ, ಸುಮಾರು 12 ಅಡಿ ಆಚೆ ಸರಿದು ನಿಂತಿರುತ್ತಾನೆ. ಇದಕ್ಕೆ ಲೀಡ್ ಅಂತಾರೆ. ಉಳಿದದ್ದು 78 ಅಡಿ. ಪಿಚ್ಚರ್ ಕೈ ಅಲ್ಲಾಡಿಸಿದ ಕ್ಷಣದಿಂದ ಚೆಂಡು ಕ್ಯಾಚರ್ ಗ್ಲವ್ ಸೇರೋಕೆ ಸುಮಾರು 1.3 ಸೆಕೆಂಡ್. ಕ್ಯಾಚರ್ ಎದ್ದು ಎಸೆದು ಎರಡನೇ ಬೇಸ್ ತಲುಪಿಸೋಕೆ ಸುಮಾರು 2 ಸೆಕೆಂಡ್. ಒಟ್ಟು 3.3. ಅಷ್ಟರೊಳಗೆ ಆ 78 ಅಡಿ ಓಡಿ, ಜಾರಿ, ಬೇಸ್ ಮುಟ್ಟಬೇಕು.

ಈಗ ನೋಡಿ. ಇವತ್ತು ಕ್ಯಾಮೆರಾ ಇಟ್ಟು ಎಲ್ಲರ ವೇಗ ಅಳೀತಾರೆ. ಮೇಜರ್ ಲೀಗ್‌ನ (ಇಲ್ಲಿನ ಅತಿ ದೊಡ್ಡ ಲೀಗ್) ಸಾಧಾರಣ ಆಟಗಾರ ಸೆಕೆಂಡಿಗೆ 27 ಅಡಿ ಓಡ್ತಾನೆ. 30 ಅಡಿ ಓಡಿದರೆ ಗಾಳಿ ಅಂತ ಲೆಕ್ಕ. ಸಾಧಾರಣದವನಿಗೂ ಗಾಳಿಗೂ ಇರೋ ವ್ಯತ್ಯಾಸ ಇಷ್ಟೇ. 78 ಅಡಿಯಲ್ಲಿ ಅದು ಸೆಕೆಂಡಿನ ಮೂರನೇ ಒಂದು ಭಾಗವೂ ಬರಲ್ಲ. ಹಾಗಾಗಿ ಯಾವ ಕ್ಷಣದಲ್ಲಿ ಹೊರಟ ಅನ್ನೋದು ಎಷ್ಟು ವೇಗವಾಗಿ ಓಡಿದ ಅನ್ನೋದರಷ್ಟೇ ಮುಖ್ಯ. ಕಾಲು ಸೆಕೆಂಡ್ ಮುಂಚೆ ಹೊರಟರೆ ಸಾಧಾರಣದವನೂ ಗಾಳಿ ಆಗಿಬಿಡ್ತಾನೆ.

ಧಾರವಾಡ_ಪೇಡಾ

12 ಅಡಿ ಮುಂದ ನಿಲ್ಲಬಹುದಾ? ನಮ್ಮ ಕಡೆ ಆಗಿದ್ರ ಮಂಕಡಿಂಗ್ ಅಂತ ಊರೆಲ್ಲ ಗಲಾಟೆ ಆಗ್ತಿತ್ತಲ್ರೀ.

ಫ್ರೀಮಾಂಟ್_ಮಾವ

ಅದೇ ಮಜಾ ರೀ. ಇಲ್ಲಿ ಮುಂದೆ ಸರಿದು ನಿಲ್ಲೋದೂ ನ್ಯಾಯ, ಪಿಚ್ಚರ್ ಥಟ್ಟಂತ ತಿರುಗಿ ಮೊದಲ ಬೇಸ್‌ಗೆ ಎಸೆದು ಔಟ್ ಮಾಡೋದೂ ನ್ಯಾಯ. ಯಾರೂ ಯಾರಿಗೂ ಕ್ರೀಡಾಮನೋಭಾವದ ಪಾಠ ಹೇಳಲ್ಲ. ಆದರೆ ಪಿಚ್ಚರ್‌ಗೆ ಒಂದು ಕಟ್ಟು ಇದೆ. ಬ್ಯಾಟರ್ ಕಡೆ ಎಸೆಯೋಕೆ ಶುರು ಮಾಡಿ ಮಧ್ಯದಲ್ಲಿ ಮನಸ್ಸು ಬದಲಾಯಿಸೋ ಹಾಗಿಲ್ಲ. ಮಾಡಿದರೆ ಅದು ಬಾಕ್, ಓಟಗಾರನಿಗೆ ಮುಂದಿನ ಬೇಸ್ ಪುಕ್ಕಟೆ.

ರಿಕಿಯ ಕಸುಬು ಇರೋದು ಇಲ್ಲೇ. ಬಲಗೈ ಪಿಚ್ಚರ್ ಮೊದಲ ಬೇಸ್‌ಗೆ ಬೆನ್ನು ಹಾಕಿ ನಿಂತಿರುತ್ತಾನೆ. ಅವನ ಬಲ ಹಿಮ್ಮಡಿ ಮೊದಲು ಎದ್ದರೆ ಇತ್ತ ತಿರುಗುತ್ತಾನೆ ಅಂತ ಅರ್ಥ, ಬೇಸ್‌ಗೆ ವಾಪಸ್ ಹಾರಬೇಕು. ಎಡ ಹಿಮ್ಮಡಿ ಮೊದಲು ಎದ್ದರೆ ಚೆಂಡು ಬ್ಯಾಟರ್ ಕಡೆ ಹೊರಟ ಹಾಗೆ, ಓಡಬೇಕು. ಹೇಳೋಕೆ ಸುಲಭ. ಪಿಚ್ಚರ್‌ಗಳು ಇದನ್ನು ಮರೆಮಾಚೋದನ್ನೇ ವರ್ಷಗಟ್ಟಲೆ ಕಲಿತಿರುತ್ತಾರೆ. ಆದರೂ ಒಬ್ಬೊಬ್ಬರಿಗೂ ಒಂದು ಚಾಳಿ ಇರುತ್ತೆ. ಒಬ್ಬನ ಭುಜ ಕೂದಲೆಳೆಯಷ್ಟು ಒಳಗೆ ಹೋಗುತ್ತೆ, ಇನ್ನೊಬ್ಬ ಎಸೆಯುವ ಮುಂಚೆ ಗಲ್ಲ ತಗ್ಗಿಸುತ್ತಾನೆ. ರಿಕಿ ಪಂದ್ಯ ಇಡೀ ಇದನ್ನೇ ನೋಡುತ್ತಿದ್ದ. ಮೊದಲ ಬೇಸ್ ಪಕ್ಕ ಮಂಡಿ ಬಗ್ಗಿಸಿ, ಕೈ ಇಳಿಬಿಟ್ಟು, ಬೆರಳು ಆಡಿಸುತ್ತಾ ನಿಂತಿರುತ್ತಿದ್ದ. ನೋಡುವವರಿಗೆ ಅದು ಶೋಕಿ. ಕಣ್ಣು ಮಾತ್ರ ಪಿಚ್ಚರ್ ಕಾಲಿನಿಂದ ಕದಲುತ್ತಿರಲಿಲ್ಲ.

ಸಂತೆಯಲ್ಲಿ ಜೇಬು ಕತ್ತರಿಸುವವನು ನಂಬೋದು ತನ್ನ ಕೈಚಳಕವನ್ನಲ್ಲ, ನಿಮ್ಮ ಗಮನ ಎಲ್ಲಿದೆ ಅನ್ನೋದನ್ನ. ಇವನೂ ಹಾಗೇ.

ಕುಡ್ಲ_ಕ್ಯಾಚರ್

ಮಾವ ಹೇಳಿದ್ದಕ್ಕೆ ಸ್ಟಂಪ್ ಹಿಂದಿನಿಂದ, ಅಲ್ಲ, ಪ್ಲೇಟ್ ಹಿಂದಿನಿಂದ ಒಂದು ಸಾಕ್ಷಿ. ಕಾಲೇಜಿನಲ್ಲಿ ಸಾಫ್ಟ್‌ಬಾಲ್ ಆಡುತ್ತಿದ್ದೆ, ಕ್ಯಾಚರ್ ಆಗಿ. ನಮ್ಮಲ್ಲಿ ಚೆಂಡು ಪಿಚ್ಚರ್ ಕೈ ಬಿಡುವವರೆಗೆ ಓಟಗಾರ್ತಿ ಬೇಸ್ ಬಿಡುವ ಹಾಗಿಲ್ಲ, ಅಂತರವೂ 60 ಅಡಿ ಮಾತ್ರ. ಆದರೂ ಕ್ಯಾಚರ್ ಕೆಲಸ ಒಂದೇ ಮಾರಾಯ್ರೆ.

ಆ 2 ಸೆಕೆಂಡಿನಲ್ಲಿ ಏನೇನಾಗುತ್ತದೆ ಹೇಳುತ್ತೇನೆ ಕೇಳಿ. ಕುಕ್ಕರುಗಾಲಲ್ಲಿ ಕೂತಿರುತ್ತೀರಿ. ಓಡಿದಳು ಅಂತ ಪಕ್ಕದಿಂದ ಯಾರೋ ಕೂಗುತ್ತಾರೆ. ಚೆಂಡು ಇನ್ನೂ ಬಂದಿಲ್ಲ, ಮುಂದೆ ಬ್ಯಾಟ್ ಬೀಸುತ್ತಿದ್ದಾರೆ, ಕಣ್ಣು ಮುಚ್ಚುವ ಹಾಗಿಲ್ಲ. ಚೆಂಡು ಗ್ಲವ್‌ಗೆ ಬೀಳುವಾಗಲೇ ಬಲಗಾಲು ಮುಂದೆ ಬಂದಿರಬೇಕು. ಗ್ಲವ್ ಕಿವಿಯ ಹತ್ತಿರ ಎಳೆದುಕೊಂಡು ಅಲ್ಲೇ ಚೆಂಡು ತೆಗೆಯಬೇಕು. ತೆಗೆಯುವಾಗ ಬೆರಳು ಹೊಲಿಗೆಯ ಮೇಲೆ ಸರಿಯಾಗಿ ಕೂತರೆ ಎಸೆತ ನೇರ, ಇಲ್ಲದಿದ್ದರೆ ಚೆಂಡು ಬಾಳೆಹಣ್ಣಿನ ಹಾಗೆ ಬಾಗುತ್ತದೆ. ಎಸೆತ ಬೇಸ್‌ನ ಒಂದು ಬದಿಗೆ, ಪಾದದ ಎತ್ತರಕ್ಕೆ ಬರಬೇಕು. ಅಲ್ಲಿರುವವರು ಗ್ಲವ್ ಅಲ್ಲಾಡಿಸದೆ ಇಟ್ಟರೆ ಓಟಗಾರ್ತಿ ತಾನೇ ಬಂದು ಅದಕ್ಕೆ ತಾಗಬೇಕು.

ಇಷ್ಟೆಲ್ಲ ಸರಿ ಮಾಡಿದರೂ ಪಿಚ್ಚರ್ ನಿಧಾನ ಇದ್ದರೆ ನಮ್ಮ ಕೈಯಲ್ಲಿ ಏನೂ ಇಲ್ಲ. ಮರುದಿನ ಬೈಸಿಕೊಳ್ಳುವುದು ಮಾತ್ರ ಕ್ಯಾಚರ್. ಬೇಸ್ ಕದಿಯುವುದು ಪಿಚ್ಚರ್‌ನಿಂದ, ಕ್ಯಾಚರ್‌ನಿಂದ ಅಲ್ಲ. ಇದನ್ನು ಗೋಡೆಯ ಮೇಲೆ ಬರೆಸಬೇಕು.

ಸುಮ್ನೆ_ಓದುಗ

ವಿಕೆಟ್‌ಕೀಪರ್ ಸಂಘದಿಂದ ಪೂರ್ಣ ಬೆಂಬಲ 😄

ಲೆಕ್ಕದ_ಪುಸ್ತಕ

ಬರೀ ವೇಗ ಸಾಕಾ ಅನ್ನೋ ಪ್ರಶ್ನೆಗೆ ನಿಜವಾಗಲೂ ಒಂದು ಪ್ರಯೋಗ ನಡೆದಿದೆ. ಅದೂ ಇದೇ ಓಕ್‌ಲ್ಯಾಂಡ್ ಅಥ್ಲೆಟಿಕ್ಸ್ ತಂಡದಲ್ಲಿ, ರಿಕಿ ಬರೋಕೆ ಐದು ವರ್ಷ ಮುಂಚೆ. ಯಾರಿಗಾದ್ರೂ ಗೊತ್ತಾ?

ಫ್ರೀಮಾಂಟ್_ಮಾವ

ಹರ್ಬ್ ವಾಷಿಂಗ್‌ಟನ್! ಹೇಳಿ ಹೇಳಿ. ನೀವೇ ಹೇಳಿ.

ಲೆಕ್ಕದ_ಪುಸ್ತಕ

1974. ತಂಡದ ಮಾಲೀಕ ಚಾರ್ಲಿ ಫಿನ್ಲಿ ವಿಚಿತ್ರ ಮನುಷ್ಯ. ಸೀದಾ ಹೋಗಿ ಒಬ್ಬ ಓಟದ ಸ್ಪರ್ಧಿಯನ್ನೇ ತಂಡಕ್ಕೆ ಸೇರಿಸಿಕೊಂಡ. ಹರ್ಬ್ ವಾಷಿಂಗ್‌ಟನ್, 50 ಮತ್ತು 60 ಗಜದ ಒಳಾಂಗಣ ಓಟದಲ್ಲಿ ವಿಶ್ವದಾಖಲೆಯವನು. ಬ್ಯಾಟ್ ಹಿಡಿಯೋದು ಬೇಡ, ಗ್ಲವ್ ಹಾಕೋದು ಬೇಡ. ಬೇರೆ ಯಾರಾದರೂ ಬೇಸ್ ತಲುಪಿದರೆ ಅವರ ಬದಲು ಓಡೋದು, ಅಷ್ಟೇ ಕೆಲಸ. ಎರಡು ಸೀಸನ್‌ನಲ್ಲಿ 105 ಪಂದ್ಯ ಆಡಿದ. ಒಂದು ಸಲವೂ ಬ್ಯಾಟ್ ಮಾಡಲಿಲ್ಲ.

ಫಲಿತಾಂಶ: 48 ಸಲ ಕದಿಯೋಕೆ ಹೋಗಿ 31 ಸಲ ಗೆದ್ದ, 17 ಸಲ ಸಿಕ್ಕಿಬಿದ್ದ. ಶೇ. 65. ಇಂಥ ಕಾಲಿಗೆ ಇದು ಏನೂ ದೊಡ್ಡದಲ್ಲ. ಜಗತ್ತಿನಲ್ಲೇ ಅತಿ ವೇಗದ ಕಾಲು, ಆದರೆ ಯಾವಾಗ ಹೊರಡಬೇಕು ಅನ್ನೋದು ಗೊತ್ತಿರಲಿಲ್ಲ. 1974ರ ವಿಶ್ವ ಸರಣಿಯ (ಮೇಜರ್ ಲೀಗ್‌ನ ಫೈನಲ್) ಎರಡನೇ ಪಂದ್ಯದ ಕೊನೆ ಇನಿಂಗ್ಸ್‌ನಲ್ಲಿ ಅವನನ್ನ ಓಡೋಕೆ ಕಳಿಸಿದರು. ಎದುರಾಳಿ ಡಾಡ್ಜರ್ಸ್ ಪಿಚ್ಚರ್ ಮೈಕ್ ಮಾರ್ಷಲ್ ಗಿರ್ರಂತ ತಿರುಗಿ ಮೊದಲ ಬೇಸ್‌ಗೆ ಎಸೆದ. ಇವನು ಮಿಕಮಿಕ ನೋಡ್ತಾ ಔಟ್.

ಮಿಡಾನ್_ಮೈಸೂರು

ಅಬ್ಬಾ! ನಾನು ಕೇಳಿದ ಪ್ರಶ್ನೆಗೆ ಇದಕ್ಕಿಂತ ಸೀದಾ ಉತ್ತರ ಬೇಕಾ?

ಧಾರವಾಡ_ಪೇಡಾ

ಪಾಪ, ಅವನದೇನು ತಪ್ಪು ಬಿಡ್ರಿ. ಓಡು ಅಂದ್ರು, ಓಡಿದ.

ಆಸ್ಟಿನ್_ಅಕ್ಕ

ನಾನು ಸ್ವಲ್ಪ ಹುಳಿ ಹಿಂಡ್ತೀನಿ, ಬೇಜಾರಾಗಬೇಡಿ. ಸ್ಟೀಲ್‌ಗೆ ಇಷ್ಟು ಬೆಲೆ ಯಾಕೆ? 1982ರಲ್ಲಿ ರಿಕಿ 130 ಕದ್ದ, ಸರಿ. ಅದು ಈಗಲೂ ಆಧುನಿಕ ಕಾಲದ ದಾಖಲೆ. ಆದರೆ ಅದೇ ವರ್ಷ 42 ಸಲ ಸಿಕ್ಕಿಬಿದ್ದ, ಅದೂ ದಾಖಲೆನೇ. ಒಂದು ಸ್ಟೀಲ್‌ನಿಂದ ತಂಡಕ್ಕೆ ಸಿಗೋದು ಸುಮಾರು 0.2 ರನ್, ಸಿಕ್ಕಿಬಿದ್ದರೆ ಹೋಗೋದು ಸುಮಾರು 0.4. 130 ಸ್ಟೀಲ್‌ನಿಂದ 26 ರನ್ ಬಂತು, 42 ಔಟಿಂದ 17 ಹೋಯಿತು. ಇಡೀ ವರ್ಷ ಮಣ್ಣಲ್ಲಿ ಬಿದ್ದು ಎದ್ದು ಉಳಿದದ್ದು 9 ರನ್. ಅಂದರೆ ಹೆಚ್ಚುಕಮ್ಮಿ ಒಂದು ಗೆಲುವು. ಚಪ್ಪಾಳೆಗೆ ಸರಿ, ಲೆಕ್ಕಕ್ಕೆ ಅಷ್ಟಕ್ಕಷ್ಟೇ.

ಶೇಕಡಾವಾರು ನೋಡಿದರೆ ಮಾಂಟ್ರಿಯಲ್‌ನ ಟಿಮ್ ರೇನ್ಸ್ ಎಷ್ಟೋ ಮೇಲು. 808 ಸ್ಟೀಲ್, 146 ಸಲ ಮಾತ್ರ ಔಟ್. ಶೇ. 84ಕ್ಕೂ ಜಾಸ್ತಿ. ರಿಕಿಯದ್ದು ಶೇ. 81. ರೇನ್ಸ್ ಕೂಡ ಲೆಫ್ಟ್ ಫೀಲ್ಡರ್, ಅದೇ ಕಾಲದವನು. ರಿಕಿ ಗದ್ದಲದಲ್ಲಿ ಅವನ ಹೆಸರೇ ಮುಳುಗಿಹೋಯಿತು. ಹಾಲ್ ಆಫ್ ಫೇಮ್‌ಗೆ (ದಿಗ್ಗಜರ ಗೌರವಪಟ್ಟಿ) ಸೇರಿಸೋಕೆ 2017ರವರೆಗೆ ಕಾಯಿಸಿದರು.

ಲೆಕ್ಕದ_ಪುಸ್ತಕ

ಅಕ್ಕ, ರೇನ್ಸ್ ವಿಷಯದಲ್ಲಿ ನನ್ನ ಪೂರ್ತಿ ಒಪ್ಪಿಗೆ. 9 ರನ್ನಿನ ಲೆಕ್ಕವೂ ಸರಿ. ಆದರೆ ಅದರಿಂದ ನೀವು ತೆಗೆದ ತೀರ್ಮಾನ ರಿಕಿಗೆ ಪೂರ್ತಿ ಅನ್ವಯಿಸಲ್ಲ. ಅದೇ 1982ರಲ್ಲಿ ಅವನಿಗೆ 116 ವಾಕ್ ಸಿಕ್ಕಿದೆ, ಅಂದರೆ ಪಿಚ್ಚರ್ ನಾಲ್ಕು ಚೆಂಡು ತಪ್ಪಾಗಿ ಎಸೆದು ಬಿಟ್ಟಿಯಾಗಿ ಮೊದಲ ಬೇಸ್ ಕೊಟ್ಟದ್ದು. ಬ್ಯಾಟಿಂಗ್ ಸರಾಸರಿ .267, ಏನೂ ದೊಡ್ಡದಲ್ಲ. ಆದರೆ ಬೇಸ್ ತಲುಪಿದ ಪ್ರಮಾಣ .398. ಹತ್ತಕ್ಕೆ ನಾಲ್ಕು ಸಲ!

ಇದೇ ಅಸಲು. ಎರಡನೇ ಬೇಸ್ ಕದಿಯಬೇಕಾದರೆ ಮೊದಲ ಬೇಸ್‌ನಲ್ಲಿ ಇರಬೇಕಲ್ಲ. ಮೊದಲ ಬೇಸ್ ಕದಿಯೋಕೆ ಆಗಲ್ಲ ಅಂತ ಬೇಸ್‌ಬಾಲ್‌ನಲ್ಲಿ ಹಳೇ ಮಾತೇ ಇದೆ. ಅವನ ವೃತ್ತಿಜೀವನದ ವಾಕ್ 2,190. ಅವನಿಗಿಂತ ಜಾಸ್ತಿ ಇರೋದು ಬ್ಯಾರಿ ಬಾಂಡ್ಸ್‌ಗೆ ಮಾತ್ರ. ಬಾಂಡ್ಸ್‌ಗೆ ಬೇಕಂತಲೇ ಕೊಡ್ತಿದ್ದರು, ಹೋಮ್ ರನ್ ಭಯಕ್ಕೆ. ರಿಕಿಗೆ ಯಾರೂ ಬೇಕಂತ ಕೊಡಲ್ಲ. ಅವನಿಗೆ ವಾಕ್ ಕೊಟ್ಟರೆ ಎರಡು ಬೇಸ್ ಕೊಟ್ಟ ಹಾಗೆ ಅಂತ ಎಲ್ಲರಿಗೂ ಗೊತ್ತಿತ್ತು. ಆದರೂ ಕಿತ್ತುಕೊಂಡ.

ಫ್ರೀಮಾಂಟ್_ಮಾವ

ಕಿತ್ತುಕೊಂಡದ್ದು ಹೇಗೆ ಗೊತ್ತಾ? ಬ್ಯಾಟ್ ಮಾಡುವಾಗ ಅವನು ನಿಲ್ಲುತ್ತಲೇ ಇರಲಿಲ್ಲ, ಹೆಚ್ಚುಕಮ್ಮಿ ಕೂತಿರುತ್ತಿದ್ದ. ಮಂಡಿ ಮಡಚಿ, ಬೆನ್ನು ಬಗ್ಗಿಸಿ, ತಲೆ ಮುಂದೆ ಚಾಚಿ. ಸ್ಟ್ರೈಕ್ ಅಂದರೆ ಚೆಂಡು ಬ್ಯಾಟರ್‌ನ ಮಂಡಿಯಿಂದ ಎದೆಯ ಕೆಳಗಿನವರೆಗೆ ಇರುವ ಜಾಗದಲ್ಲಿ ಬರಬೇಕು. ಬಗ್ಗಿ ಕೂತರೆ ಆ ಜಾಗ ಅಂಗೈಯಗಲ. ಪಿಚ್ಚರ್ ಅಲ್ಲಿಗೇ ಗುರಿಯಿಟ್ಟು ಎಸೆಯಬೇಕು. ಗುರಿ ಕೊಂಚ ಮೇಲೆ ಹೋದರೆ ಬಾಲ್, ಅಂದರೆ ತಪ್ಪು ಎಸೆತ. ಸರಿಯಾಗಿ ನಡುವೆ ಬಂದರೆ ಹೋಮ್ ರನ್. ಅವನದ್ದು ಒಟ್ಟು 297 ಹೋಮ್ ರನ್. ಅದರಲ್ಲಿ 81 ತನ್ನ ತಂಡದ ಬ್ಯಾಟಿಂಗ್ ಶುರು ಮಾಡುತ್ತಲೇ ಹೊಡೆದದ್ದು. ಅದೂ ದಾಖಲೆಯೇ.

ಇನ್ನೊಂದು ವಿಚಿತ್ರ. ಎಸೆಯೋದು ಎಡಗೈ, ಬ್ಯಾಟ್ ಮಾಡೋದು ಬಲಗೈ. ಇದು ತೀರಾ ಅಪರೂಪ. ಎಡಗೈಯವರು ಎಡಗೈಯಲ್ಲೇ ಬ್ಯಾಟ್ ಮಾಡಿದರೆ ಮೊದಲ ಬೇಸ್‌ಗೆ ಒಂದೆರಡು ಹೆಜ್ಜೆ ಹತ್ತಿರ. ವೇಗದವರಂತೂ ಕಷ್ಟಪಟ್ಟು ಎಡಗೈ ಬ್ಯಾಟಿಂಗ್ ಕಲಿಯುತ್ತಾರೆ. ಇವನು ಅದನ್ನೂ ಬಿಟ್ಟುಕೊಟ್ಟು ಇಷ್ಟು ಮಾಡಿದ.

ಅಕ್ಕ, 9 ರನ್ ಅಂದಿರಲ್ಲ. 1985 ನೋಡಿ. ನ್ಯೂಯಾರ್ಕ್ ಯಾಂಕೀಸ್‌ಗೆ ಹೋದ ವರ್ಷ. 80 ಸ್ಟೀಲ್, ಸಿಕ್ಕಿಬಿದ್ದದ್ದು 10 ಸಲ. 143 ಪಂದ್ಯದಲ್ಲಿ 146 ರನ್. ಪಂದ್ಯಕ್ಕಿಂತ ರನ್ ಜಾಸ್ತಿ! ಬೇಸ್‌ಬಾಲ್‌ನಲ್ಲಿ ಒಂದು ಪಂದ್ಯಕ್ಕೆ ಇಡೀ ತಂಡ ನಾಲ್ಕೈದು ರನ್ ಮಾಡಿದರೆ ಹೆಚ್ಚು ಅಂತ ಕ್ರಿಕೆಟ್‌ನವರು ನೆನಪಿಡಿ. ಕೊನೆಗೆ 2,295 ರನ್. ಇದುವರೆಗೆ ಯಾರೂ ದಾಟಿಲ್ಲ.

ಆಸ್ಟಿನ್_ಅಕ್ಕ

ರನ್ ದಾಖಲೆ ದೊಡ್ಡದು, ಅದರ ಬಗ್ಗೆ ತಕರಾರಿಲ್ಲ. ನನ್ನ ಪ್ರಕಾರ ಅವನ ಬಗ್ಗೆ ಮೊದಲು ಹೇಳಬೇಕಾದ್ದೇ ಅದು, ಸ್ಟೀಲ್ ಆಮೇಲೆ. ನಾವು ಉಲ್ಟಾ ಮಾಡ್ತೀವಿ.

ಕಬ್ಬನ್_ಪಾರ್ಕ್_ಕಾಕಾ

ಬಿಲ್ಲಿ ಹ್ಯಾಮಿಲ್ಟನ್ ಬಗ್ಗೆ ಯಾರೂ ಮಾತೇ ಆಡಿಲ್ಲ? ಹೈಲೈಟ್ಸ್ ನೋಡಿ ತಲೆ ತಿರುಗಿತು.

ಲೆಕ್ಕದ_ಪುಸ್ತಕ

ಯಾವ ಬಿಲ್ಲಿ ಹ್ಯಾಮಿಲ್ಟನ್ ಸರ್? ಇಬ್ಬರಿದ್ದಾರೆ, ಇಬ್ಬರೂ ಔಟ್‌ಫೀಲ್ಡರ್, ಇಬ್ಬರೂ ಬೇಸ್ ಕಳ್ಳರು. ಹಳೆಯವನು 1888ರಿಂದ 1901ರವರೆಗೆ ಆಡಿದ, 914 ಸ್ಟೀಲ್. ಆದರೆ 1898ರ ಮುಂಚೆ ಬೇರೆಯವರ ಹೊಡೆತಕ್ಕೆ ಒಂದು ಬೇಸ್ ಜಾಸ್ತಿ ಓಡಿದರೂ ಸ್ಟೀಲ್ ಅಂತ ಬರೀತಿದ್ದರು. ಆ ಅಂಕಿ ಇವತ್ತಿನದರ ಪಕ್ಕ ಇಡೋಕೆ ಆಗಲ್ಲ.

ನೀವು ನೋಡಿದ್ದು ಸಿನ್ಸಿನಾಟಿಯ ಹೊಸ ಹ್ಯಾಮಿಲ್ಟನ್. 2012ರಲ್ಲಿ ಮೈನರ್ ಲೀಗ್‌ನಲ್ಲಿ ಒಂದೇ ಸೀಸನ್‌ಗೆ 155 ಕದ್ದ. 2013ರ ಸೆಪ್ಟೆಂಬರ್‌ನಲ್ಲಿ ಮೇಜರ್ ಲೀಗ್‌ಗೆ ಬಂದ ಮೊದಲ ದಿನವೇ ಬೇರೆಯವರ ಬದಲು ಓಡೋಕೆ ಇಳಿದು ಸ್ಟೀಲ್ ಮಾಡಿದ. ಪ್ಲೇಟ್ ಹಿಂದೆ ಇದ್ದದ್ದು ಆ ಕಾಲದ ಅತ್ಯುತ್ತಮ ಕ್ಯಾಚರ್ ಯಾಡಿಯರ್ ಮೊಲಿನಾ! ಆಮೇಲೆ 2014ರಿಂದ ಸಾಲಾಗಿ 56, 57, 58, 59. ವರ್ಷಕ್ಕೊಂದು ಜಾಸ್ತಿ, ಯಾರೋ ಕೂತು ಬರೆದ ಹಾಗೆ. ಒಂದು ವರ್ಷವೂ ಲೀಗ್‌ನಲ್ಲಿ ಮೊದಲ ಸ್ಥಾನ ಸಿಗಲಿಲ್ಲ.

ಓಟದಲ್ಲಿ ರಿಕಿಗಿಂತ ಇವನೇ ಮೇಲು ಅಂತ ನನ್ನ ಅನಿಸಿಕೆ. ಸೆಂಟರ್ ಫೀಲ್ಡ್‌ನಲ್ಲಂತೂ ಕಣ್ಣಿಗೆ ಹಬ್ಬ. ಆದರೆ ಬೇಸ್ ತಲುಪಿದ ಪ್ರಮಾಣ ಹತ್ತಕ್ಕೆ ಮೂರು ಸಲವೂ ಇಲ್ಲ. ವಾಕ್ ತಗೊಳ್ಳೋ ತಾಳ್ಮೆ ಇರಲಿಲ್ಲ, ಹೊಡೆತದಲ್ಲಿ ತೂಕ ಇರಲಿಲ್ಲ. ಒಟ್ಟು ಮುನ್ನೂರು ಚಿಲ್ಲರೆ ಸ್ಟೀಲ್‌ಗೆ ನಿಂತ. ಕಾಲು ಇತ್ತು, ಓಡೋಕೆ ಅವಕಾಶವೇ ಸಿಗುತ್ತಿರಲಿಲ್ಲ.

ಫ್ರೀಮಾಂಟ್_ಮಾವ

ಕಾಲಿನ ಮಾತು ಬಂತಲ್ಲ, ಸೇಂಟ್ ಲೂಯಿಸ್‌ನ ವಿನ್ಸ್ ಕೋಲ್ಮನ್ ಕಥೆ ಕೇಳಿ. ಅವನೂ ಲೆಫ್ಟ್ ಫೀಲ್ಡರ್. ಮೊದಲ ಮೂರು ವರ್ಷವೂ ನೂರರ ಮೇಲೆ: 110, 107, 109. ಅಂಥವನು 1985ರಲ್ಲಿ ವಿಶ್ವ ಸರಣಿ ಆಡಲಿಲ್ಲ. ಕಾರಣ ಟಾರ್ಪಾಲು! ಪ್ಲೇಆಫ್ ಪಂದ್ಯಕ್ಕೆ ಮುಂಚೆ ತುಂತುರು ಮಳೆ ಬಂತು. ಮೈದಾನ ಮುಚ್ಚೋಕೆ ಯಂತ್ರದ ಟಾರ್ಪಾಲು ಉರುಳಿಸಿದರು. ಇವನು ಬೆನ್ನು ಹಾಕಿ ನಿಂತಿದ್ದ. ಅದು ಬಂದು ಕಾಲ ಮೇಲೇ ಹತ್ತಿತು. ಆಮೆಗತಿಯಲ್ಲಿ ಬರೋ ಯಂತ್ರ, ಲೀಗ್‌ನಲ್ಲೇ ಅತಿ ವೇಗದ ಮನುಷ್ಯನನ್ನ ಹಿಡಿದುಬಿಡ್ತು.

ಸುಮ್ನೆ_ಓದುಗ

ಇದನ್ನ ಯಾರಾದ್ರೂ ಸಿನಿಮಾದಲ್ಲಿ ತೋರಿಸಿದ್ರೆ ಅತಿಯಾಯ್ತು ಅಂತೀವಿ.

ಕಬ್ಬನ್_ಪಾರ್ಕ್_ಕಾಕಾ

ಕಥೆ ಅಂದರೆ ಕೂಲ್ ಪಾಪಾ ಬೆಲ್ ಕಥೆಯೂ ಆಗಲಿ. ಕಪ್ಪು ಆಟಗಾರರನ್ನ ಮೇಜರ್ ಲೀಗ್‌ಗೆ ಸೇರಿಸದ ಕಾಲದಲ್ಲಿ ನೀಗ್ರೋ ಲೀಗ್‌ನ ಸೆಂಟರ್ ಫೀಲ್ಡರ್. ಅವನು ಲೈಟ್ ಆರಿಸಿದರೆ ಕೋಣೆ ಕತ್ತಲಾಗೋ ಮುಂಚೆ ಹಾಸಿಗೆ ಸೇರುತ್ತಿದ್ದ ಅಂತ ಪಿಚ್ಚರ್ ಸ್ಯಾಚೆಲ್ ಪೇಜ್ ಹೇಳುತ್ತಿದ್ದ. ಬೆಲ್ ಆಮೇಲೆ ಹೇಳಿದ್ದೇನೆಂದರೆ, ಹೋಟೆಲ್ ಸ್ವಿಚ್ ಕೆಟ್ಟಿತ್ತಂತೆ, ಒತ್ತಿದ ಸ್ವಲ್ಪ ಹೊತ್ತಿಗೆ ದೀಪ ಆರುತ್ತಿತ್ತು. ಪೇಜ್‌ನನ್ನ ಯಾಮಾರಿಸಿದ್ದ!

ಕುಡ್ಲ_ಕ್ಯಾಚರ್

ರಿಕಿ ತನ್ನ ಹೆಸರನ್ನೇ ಹಿಡಿದು ತನ್ನ ಬಗ್ಗೆ ಮಾತಾಡುತ್ತಿದ್ದ, ಅಲ್ವಾ? ಹೆಲ್ಮೆಟ್ ಕಥೆಯೂ ಉಂಟು. ಅವನ ಜೊತೆ ಆಡಿದ ಜಾನ್ ಓಲೆರುಡ್ ಫೀಲ್ಡಿಂಗ್ ಮಾಡುವಾಗಲೂ ಹೆಲ್ಮೆಟ್ ಹಾಕುವವನು. "ನಾನು ಹಿಂದೆ ಆಡಿದ ತಂಡದಲ್ಲೂ ಒಬ್ಬ ಹೀಗೇ ಹಾಕುತ್ತಿದ್ದ" ಅಂದನಂತೆ ರಿಕಿ. "ಅದು ನಾನೇ" ಅಂದನಂತೆ ಓಲೆರುಡ್.

ಫ್ರೀಮಾಂಟ್_ಮಾವ

ಆ ಕಥೆ ಕಟ್ಟಿದ್ದು. ಇಬ್ಬರೂ ಅಲ್ಲಗಳೆದಿದ್ದಾರೆ. ರಿಕಿ ಬಗ್ಗೆ ಇಂಥವು ಬೇಕಾದಷ್ಟು ಇವೆ. ಇವನ್ನು ಕೇಳಿ ನಗುವವರು ಅವನು ದಡ್ಡ ಅಂದುಕೊಂಡುಬಿಡುತ್ತಾರೆ. ನನಗೆ ಕೋಪ ಬರೋದು ಅದಕ್ಕೇ. ಲೀಗ್‌ನ ಪ್ರತಿ ಪಿಚ್ಚರ್‌ನ ಹಿಮ್ಮಡಿ ನೆನಪಿಟ್ಟುಕೊಂಡವನು ದಡ್ಡನಾ?

ನಿಜವಾದ ಕಥೆ ಬೇಕಾ? 2009ರಲ್ಲಿ ಹಾಲ್ ಆಫ್ ಫೇಮ್ ಭಾಷಣದಲ್ಲಿ ಅವನೇ ಹೇಳಿದ್ದು. ಹುಡುಗನಾಗಿದ್ದಾಗ ಬೇಸ್‌ಬಾಲ್ ಅಂದರೆ ಅಷ್ಟಕ್ಕಷ್ಟೇ. ಕೋಚ್ ಬೆಳಗ್ಗೆ ಮನೆಗೇ ಡೋನಟ್ಟೂ ಬಿಸಿ ಚಾಕೊಲೇಟೂ ತಂದು ಎಬ್ಬಿಸಿ ಆಟಕ್ಕೆ ಕರೆದೊಯ್ಯುತ್ತಿದ್ದ. ಹೈಸ್ಕೂಲಿನಲ್ಲಿ ಒಬ್ಬ ಮೇಡಂ ಆಸೆ ಹುಟ್ಟಿಸಿದರು: ಒಂದು ಹಿಟ್‌ಗೆ (ಚೆಂಡು ಹೊಡೆದು ಬೇಸ್ ತಲುಪೋದು) 25 ಸೆಂಟ್, ಒಂದು ರನ್‌ಗೆ 25 ಸೆಂಟ್, ಒಂದು ಸ್ಟೀಲ್‌ಗೆ 25 ಸೆಂಟ್. ಮೊದಲ ಹತ್ತು ಪಂದ್ಯದಲ್ಲಿ 30 ಹಿಟ್, 25 ರನ್, 33 ಸ್ಟೀಲ್. ಲೆಕ್ಕ ಹಾಕಿ, 22 ಡಾಲರ್. 70ರ ದಶಕದ ಓಕ್‌ಲ್ಯಾಂಡ್ ಹುಡುಗನಿಗೆ ದೊಡ್ಡ ದುಡ್ಡು!

ಮಿಡಾನ್_ಮೈಸೂರು

1991ರ ದಾಖಲೆ ವಿಡಿಯೊ ನೋಡಿದೆ. ಬ್ರಾಕ್ ಪಕ್ಕದಲ್ಲೇ ನಿಂತಿದ್ದಾರೆ. ಇವನು ಬೇಸ್ ಕಿತ್ತು ಎರಡೂ ಕೈಯಲ್ಲಿ ತಲೆ ಮೇಲೆ ಎತ್ತಿ, ಮೈಕ್‌ನಲ್ಲಿ "ಇವತ್ತು ನಾನೇ ಸಾರ್ವಕಾಲಿಕ ಶ್ರೇಷ್ಠ" ಅಂತಾನೆ. ಸ್ವಲ್ಪ ಅತಿ ಅನ್ನಿಸಲಿಲ್ವಾ?

ಫ್ರೀಮಾಂಟ್_ಮಾವ

ಆ ಮಾತಿಗೆ ಬೈಸಿಕೊಂಡ, ಬಹಳ ವರ್ಷ. 1991ರ ಮೇ 1, ಯಾಂಕೀಸ್ ವಿರುದ್ಧ, ಓಕ್‌ಲ್ಯಾಂಡ್‌ನಲ್ಲೇ. 939ನೆಯದು, ಮೂರನೇ ಬೇಸ್ ಕದ್ದದ್ದು. ಆದರೆ ಪೂರ್ತಿ ವಿಡಿಯೊ ನೋಡಿ. ಅದಕ್ಕೆ ಮುಂಚೆ ದೇವರಿಗೆ, ಅಭಿಮಾನಿಗಳಿಗೆ, ತಾಯಿಗೆ, ಹಳೇ ಮ್ಯಾನೇಜರ್ ಬಿಲ್ಲಿ ಮಾರ್ಟಿನ್‌ಗೆ ಎಲ್ಲರಿಗೂ ವಂದನೆ ಹೇಳಿದ್ದಾನೆ. ಬ್ರಾಕ್‌ನನ್ನೂ ಹೊಗಳಿದ್ದಾನೆ. ಪತ್ರಿಕೆಯವರು ಕೊನೆಯ ಒಂದು ಸಾಲು ಹಿಡಿದರು. ಅದೇ ರಾತ್ರಿ ಟೆಕ್ಸಸ್‌ನಲ್ಲಿ 44 ವರ್ಷದ ಪಿಚ್ಚರ್ ನೋಲನ್ ರಯಾನ್ ತನ್ನ ಏಳನೇ ನೋ-ಹಿಟ್ಟರ್ ಎಸೆದ, ಅಂದರೆ ಎದುರಾಳಿಗೆ ಒಂದು ಹಿಟ್ಟೂ ಬಿಡದ ಪಂದ್ಯ. ಎಲ್ಲರೂ ವಿನಯದ ರಯಾನ್, ಜಂಬದ ರಿಕಿ ಅಂತ ಪಕ್ಕಪಕ್ಕ ಇಟ್ಟು ಬರೆದರು.

ನನ್ನ ಮಟ್ಟಿಗೆ ಹೇಳೋದಾದರೆ, ಸುಳ್ಳೇನೂ ಹೇಳಲಿಲ್ಲವಲ್ಲ.

ಆಸ್ಟಿನ್_ಅಕ್ಕ

ರಯಾನ್‌ನ 5,000ನೇ ಸ್ಟ್ರೈಕೌಟ್ (ಮೂರು ಸ್ಟ್ರೈಕ್‌ಗೆ ಔಟ್) ಯಾರು ಗೊತ್ತಲ್ಲ ಮಾವ? 1989, ಇದೇ ನಿಮ್ಮ ರಿಕಿ 😄

ಫ್ರೀಮಾಂಟ್_ಮಾವ

ಟೆಕ್ಸಸ್‌ನವರು ಇದನ್ನ ಬಿಡಲ್ಲ ಅಂತ ಗೊತ್ತಿತ್ತು.

ಅದೇ 1989ರಲ್ಲಿ ವಿಶ್ವ ಸರಣಿಯೂ ಗೆದ್ದೆವು, ಅದನ್ನೂ ಬರೆಯಿರಿ. ಮಧ್ಯೆ ಭೂಕಂಪ ಆಗಿ ಹತ್ತು ದಿನ ಆಟ ನಿಂತ ಸರಣಿ.

ಲೆಕ್ಕದ_ಪುಸ್ತಕ

ಅಕ್ಕನ 0.2 ರನ್ ಲೆಕ್ಕಕ್ಕೆ ಸಿಗದ ಒಂದು ಸಂಗತಿ ಹೇಳಿ ನನ್ನ ವಾದ ಮುಗಿಸ್ತೀನಿ. 1993ರ ವಿಶ್ವ ಸರಣಿ, ಆರನೇ ಪಂದ್ಯ. ರಿಕಿ ಆಗ ಟೊರಾಂಟೊ ತಂಡದಲ್ಲಿ. ಕೊನೆಯ ಇನಿಂಗ್ಸ್, ಟೊರಾಂಟೊ ಒಂದು ರನ್ ಹಿಂದೆ. ಫಿಲಡೆಲ್ಫಿಯಾದ ಪಿಚ್ಚರ್ ಮಿಚ್ ವಿಲಿಯಮ್ಸ್ ಮೊದಲು ಎದುರಿಸಿದ್ದೇ ರಿಕಿಯನ್ನ. ವಾಕ್. ವಿಲಿಯಮ್ಸ್ ಕಾಲೆತ್ತಿ ಜೋರಾಗಿ ಎಸೆಯೋ ಮನುಷ್ಯ. ರಿಕಿ ಕದೀತಾನೆ ಅನ್ನೋ ಭಯಕ್ಕೆ ತನಗೆ ಅಭ್ಯಾಸವಿಲ್ಲದ ಸ್ಲೈಡ್ ಸ್ಟೆಪ್‌ಗೆ ಇಳಿದ. ಅಂದರೆ ಕಾಲು ಎತ್ತದೆ ಬೇಗ ಎಸೆಯೋದು. ಟೊರಾಂಟೊದ ಮೋಲಿಟರ್ ಒಂದು ಸಿಂಗಲ್ ಹೊಡೆದ, ರಿಕಿ ಎರಡನೇ ಬೇಸ್‌ಗೆ ಬಂದ. ಆಮೇಲೆ ಜೋ ಕಾರ್ಟರ್ ಹೋಮ್ ರನ್, ಸರಣಿಯೇ ಮುಗಿಯಿತು.

ಅಂಕಪಟ್ಟಿ ನೋಡಿದರೆ ಆ ಇನಿಂಗ್ಸ್‌ನಲ್ಲಿ ರಿಕಿಯ ಹೆಸರಿನ ಮುಂದೆ ಸ್ಟೀಲ್ ಸೊನ್ನೆ. ಪಿಚ್ಚರ್‌ನ ಲಯವನ್ನೇ ಕದ್ದಿದ್ದ.

ಆಸ್ಟಿನ್_ಅಕ್ಕ

ಹ್ಞೂಂ, ಇದು ಒಳ್ಳೆ ಉದಾಹರಣೆ. ಅರ್ಧ ಒಪ್ಪಿದೆ. ಆದರೆ ಒಂದು ಹೋಮ್ ರನ್ ಇಟ್ಟುಕೊಂಡು ಸಿದ್ಧಾಂತ ಕಟ್ಟೋದು ಬೇಡ. ಕಾರ್ಟರ್ ಕೂಡ ಒಳ್ಳೆ ಬ್ಯಾಟರ್ರೇ.

ಧಾರವಾಡ_ಪೇಡಾ

ಈಗಿನ ಕಾಲದಾಗ 130 ಯಾರಾದ್ರೂ ಮುರೀತಾರೇನ್ರಿ? ಹೊಸ ನಿಯಮ ಬಂದಾವಂತಲ್ಲ.

ಲೆಕ್ಕದ_ಪುಸ್ತಕ

2023ರಲ್ಲಿ ನಿಯಮ ಓಟಗಾರರ ಕಡೆ ವಾಲಿತು. ಬೇಸ್ ಅಗಲ 15 ಇಂಚಿನಿಂದ 18 ಇಂಚು ಆಯ್ತು, ಮೊದಲ ಮತ್ತು ಎರಡನೇ ಬೇಸ್ ನಡುವಿನ ದೂರ ನಾಲ್ಕೂವರೆ ಇಂಚು ಕಮ್ಮಿ. ಅದಕ್ಕಿಂತ ದೊಡ್ಡದು ಇನ್ನೊಂದು: ಪಿಚ್ಚರ್ ಒಬ್ಬ ಬ್ಯಾಟರ್‌ಗೆ ಎಸೆಯುವಾಗ ಎರಡೇ ಸಲ ಓಟಗಾರನ ಕಡೆ ತಿರುಗಬಹುದು. ಮೂರನೇ ಸಲ ತಿರುಗಿ ಔಟ್ ಮಾಡದಿದ್ದರೆ ಬಾಕ್. ಜೊತೆಗೆ ಇಷ್ಟರೊಳಗೆ ಎಸೀಬೇಕು ಅಂತ ಗಡಿಯಾರ ಬೇರೆ ಓಡ್ತಿರುತ್ತೆ. ಹಿಂದಿನ ವರ್ಷ ಇಡೀ ಲೀಗ್‌ನಲ್ಲಿ 2,486 ಸ್ಟೀಲ್ ಇತ್ತು, 2023ರಲ್ಲಿ 3,503.

ಇಷ್ಟಾದರೂ ಆ ವರ್ಷ ಎಲ್ಲರಿಗಿಂತ ಜಾಸ್ತಿ ಕದ್ದ ಅಟ್ಲಾಂಟಾದ ಔಟ್‌ಫೀಲ್ಡರ್ ರೊನಾಲ್ಡ್ ಅಕುನ್ಯಾ ನಿಂತದ್ದು 73ಕ್ಕೆ. ಅವನು ಹೋಮ್ ರನ್ 41 ಹೊಡೆದಿದ್ದು ಬೇರೆ ಮಾತು. 130ಕ್ಕೆ ಇನ್ನೂ 57 ಬೇಕು. ಇವತ್ತಿನ ತಂಡಗಳು ಅಕ್ಕನ ಥರಾನೇ ಯೋಚಿಸ್ತಾವೆ. 42 ಸಲ ಔಟ್ ಆಗೋಕೆ ಯಾವ ಮ್ಯಾನೇಜರ್ರೂ ಬಿಡಲ್ಲ. ಹಾಗಾಗಿ ಮುರಿಯಲ್ಲ ಅಂತ ನನ್ನ ಪಂತ.

ಫ್ರೀಮಾಂಟ್_ಮಾವ

ಇವತ್ತಿನ ನಿಯಮ ರಿಕಿ ಕೈಗೆ ಸಿಕ್ಕಿದ್ದರೆ? ಎರಡು ಸಲ ತಿರುಗಿಸಿಬಿಟ್ಟು ಮೂರನೇ ಸಲ ಆರಾಮಾಗಿ 20 ಅಡಿ ಲೀಡ್ ತಗೊಂಡು ನಗ್ತಾ ನಿಂತಿರೋನು. 1998ರಲ್ಲಿ 39 ವಯಸ್ಸಿಗೆ 66 ಕದ್ದು ಲೀಗ್‌ನಲ್ಲೇ ಮೊದಲು ಬಂದವನು. ಆ ವಯಸ್ಸಿಗೆ ಕಾಲು ಎಷ್ಟು ಉಳಿದಿರುತ್ತೆ ಹೇಳಿ? ತಮ್ಮಾ, ನಿಮ್ಮ ಮೊದಲ ಪ್ರಶ್ನೆಗೆ ಇದೂ ಒಂದು ಉತ್ತರ.

2024ರ ಸೆಪ್ಟೆಂಬರ್‌ನಲ್ಲಿ ತಂಡ ಓಕ್‌ಲ್ಯಾಂಡ್ ಬಿಟ್ಟಿತು. ಡಿಸೆಂಬರ್ 20ಕ್ಕೆ ರಿಕಿ ತೀರಿಕೊಂಡ. ಐದು ದಿನ ಕಳೆದಿದ್ದರೆ 66 ತುಂಬುತ್ತಿತ್ತು, ಹುಟ್ಟಿದ್ದು ಕ್ರಿಸ್‌ಮಸ್ ದಿನ. ಆ ಹುಟ್ಟೂ ಆಸ್ಪತ್ರೆಗೆ ಹೋಗೋ ದಾರಿಯಲ್ಲಿ, ಕಾರಿನ ಹಿಂದಿನ ಸೀಟಿನಲ್ಲಿ. ಅಲ್ಲೂ ಕಾಯಲಿಲ್ಲ ನೋಡಿ.

ಮಿಡಾನ್_ಮೈಸೂರು

ಎಲ್ಲರಿಗೂ ದೊಡ್ಡ ಥ್ಯಾಂಕ್ಸ್. ಕೊನೇ ಪ್ರಶ್ನೆ. ಟಿವಿಯಲ್ಲಿ ಬರೀ ಪಿಚ್ಚರ್, ಬ್ಯಾಟರ್ ತೋರಿಸ್ತಾರೆ. ಈ ಹಿಮ್ಮಡಿ, ಲೀಡ್ ಎಲ್ಲ ಕಾಣೋದೇ ಇಲ್ಲ. ಮೈದಾನಕ್ಕೆ ಹೋದರೆ ಎಲ್ಲಿ ಕೂತು ನೋಡಬೇಕು?

ಕುಡ್ಲ_ಕ್ಯಾಚರ್

ಮೊದಲ ಬೇಸ್ ಹಿಂದೆ, ಕೆಳಗಿನ ಸಾಲು. ಓಟಗಾರನಿಗೆ ಕಾಣುವುದೇ ನಿಮಗೂ ಕಾಣುತ್ತದೆ. ಬ್ಯಾಟರ್ ಕಡೆ ನೋಡಲೇಬೇಡಿ, ಪಿಚ್ಚರ್‌ನ ಪಾದ ನೋಡಿ. ಮೊದಲ ಎರಡು ಇನಿಂಗ್ಸ್ ಏನೂ ತಿಳಿಯುವುದಿಲ್ಲ. ಮೂರನೆಯದಕ್ಕೆ ಚಾಳಿ ಕಾಣಲಿಕ್ಕೆ ಶುರುವಾಗುತ್ತದೆ. ಎಡಗೈ ಪಿಚ್ಚರ್ ಇದ್ದ ದಿನ ಮಾತ್ರ ಹೋಗಬೇಡಿ. ಅವನು ಓಟಗಾರನಿಗೇ ಮುಖ ಮಾಡಿ ನಿಂತಿರುತ್ತಾನೆ, ಹೊಸಬರಿಗೆ ಏನೂ ಗೊತ್ತಾಗುವುದಿಲ್ಲ.

ಫ್ರೀಮಾಂಟ್_ಮಾವ

ಸ್ಯಾನ್ ಫ್ರಾನ್ಸಿಸ್ಕೊಗೆ ಹೋಗೋದಾದರೆ ಹೇಳಿ, ನಾನೂ ಬರ್ತೀನಿ. ಅಥ್ಲೆಟಿಕ್ಸ್ ಈಗ ಪಶ್ಚಿಮ ಸ್ಯಾಕ್ರಮೆಂಟೊದ ಚಿಕ್ಕ ಮೈದಾನದಲ್ಲಿ ಆಡ್ತಿದೆ. ಅಲ್ಲಿ ಆಟ ಹತ್ತಿರದಿಂದ ಕಾಣುತ್ತೆ, ಆದರೆ ಬೇಸಿಗೆ ಮಧ್ಯಾಹ್ನ ಬೆಂಕಿ. ರಾತ್ರಿ ಪಂದ್ಯದ ಟಿಕೆಟ್ಟೇ ತಗೊಳ್ಳಿ.

ಸುಮ್ನೆ_ಓದುಗ

ಮಾವ, ನನಗೂ ಒಂದು. ಪುಳಿಯೋಗರೆ ನನ್ನ ಕಡೆಯಿಂದ. ಒಳಗೆ ಬಿಡ್ತಾರಾ?

ಫ್ರೀಮಾಂಟ್_ಮಾವ

ಹೋಗೋ ಮುಂಚೆ ಮೈದಾನದವರ ನಿಯಮ ನೋಡ್ಕೊಳ್ಳಿ. ಬಿಡದಿದ್ದರೆ ಪಾರ್ಕಿಂಗ್‌ನಲ್ಲೇ ಮುಗಿಸೋಣ.